ಝೀಟಾಳ ಬಲಗೈ

ಶಂಕರಪುರದ ಆ ಓಣಿಯಲ್ಲಿ ಝೀಟಾಳಿಂದ ಬೈಸಿಕೊಳ್ಳದವರು ಯಾರೂ ಇರಲಿಲ್ಲ. ಹೂವಿನ ಏಜೆಂಟ್ ಬ್ರಯಾನ್ ಬೈಸಿಕೊಂಡಿದ್ದ, ಕಟಪಾಡಿಯ ರಿಕ್ಷಾದವರು ಬೈಸಿಕೊಂಡಿದ್ದರು, ಪ್ರವಚನ ಉದ್ದ ಮಾಡಿದ್ದಕ್ಕೆ ಇಗರ್ಜಿಯ ಪಾದ್ರಿಗಳೂ ಬೈಸಿಕೊಂಡಿದ್ದರು. ಗಂಡ ರೊಸಾರಿಯೊ ಅಂತೂ ಕುವೈಟಿನಲ್ಲಿ ಟ್ರೈಲರ್ ಓಡಿಸುವುದನ್ನು ಬಿಟ್ಟು ಊರಿಗೆ ಬಂದ ಮೇಲೆ ಊಟಕ್ಕೆ ಮುಂಚೆ ಒಮ್ಮೆ, ಊಟವಾದ ಮೇಲೆ ಒಮ್ಮೆ, ಔಷಧಿಯ ಹಾಗೆ ಬೈಗುಳ ತೆಗೆದುಕೊಳ್ಳುತ್ತಿದ್ದ. ಸಿಟ್ಟು ಅವಳ ಮೂಗಿನ ತುದಿಯಲ್ಲೇ ಇರುತ್ತಿತ್ತು, ಅದನ್ನು ಅವಳು ಯಾವತ್ತೂ ಮುಚ್ಚಿಟ್ಟವಳಲ್ಲ.

ಆದರೆ ಅವಳ ಕೈಗೆ ಸಿಟ್ಟೆಂದರೆ ಏನೆಂದು ಗೊತ್ತಿರಲಿಲ್ಲ. ಬೆಳಗಾಗುವಾಗ ಅಂಗಳದ ಮಲ್ಲಿಗೆ ಗಿಡಗಳಿಂದ ಕೊಯ್ದ ಮೊಗ್ಗುಗಳನ್ನು ಮಡಿಲಲ್ಲಿ ಹಾಕಿಕೊಂಡು, ನೆನೆಸಿದ ಬಾಳೆನಾರಿನಿಂದ ಕಟ್ಟಲು ಕೂತರೆ ಆ ಬೆರಳುಗಳು ಬೇರೆ ಯಾರದ್ದೋ ಎನ್ನಬೇಕು. ನಾರನ್ನು ಸ್ವಲ್ಪ ಹೆಚ್ಚು ಎಳೆದರೆ ತೊಟ್ಟು ತುಂಡಾಗುತ್ತದೆ, ಸ್ವಲ್ಪ ಕಡಿಮೆ ಎಳೆದರೆ ಮುಡಿಯುವ ಹೊತ್ತಿಗೆ ಮೊಗ್ಗು ಉದುರುತ್ತದೆ. ಝೀಟಾ ಬಾಯಲ್ಲಿ ರೊಸಾರಿಯೊನ ಏಳು ತಲೆಮಾರನ್ನು ಜಾಲಾಡುತ್ತಾ ಕೈಯಲ್ಲಿ ಒಂದು ಮೊಗ್ಗೂ ಕಂದದ ಹಾಗೆ ಹೂವಿನ ಚೆಂಡು ಕಟ್ಟಿ ಮುಗಿಸುತ್ತಿದ್ದಳು. ಮಗ ಜೋಯಲ್‌ಗೆ ಅವಳು ಒಂದೇ ಒಂದು ಪೆಟ್ಟು ಕೊಟ್ಟದ್ದಿಲ್ಲ. ಬೈಯಲು ಬಾಯಿ ಇರುವಾಗ ಕೈ ಯಾಕೆ ಎತ್ತಬೇಕು ಎನ್ನುತ್ತಿದ್ದಳು.

ಮಾರ್ಚ್ ತಿಂಗಳಲ್ಲಿ ಬಂದ ಸ್ಟ್ರೋಕ್ ಇವೆರಡನ್ನೂ ಅದಲು ಬದಲು ಮಾಡಿತು. ಮಣಿಪಾಲಕ್ಕೆ ಬೇಗ ಮುಟ್ಟಿಸಿದ್ದರಿಂದ ಜೀವ ಉಳಿಯಿತು, ಕಾಲು ಬಹಳ ಮಟ್ಟಿಗೆ ಸರಿಯಾಯಿತು. ನಾಲಿಗೆ ಮಾತ್ರ ತಡವರಿಸತೊಡಗಿತು. ತಲೆಯಲ್ಲಿ ಪೂರ್ತಿ ವಾಕ್ಯ ಸಿದ್ಧವಾಗಿರುತ್ತಿತ್ತು, ಬಾಯಿಗೆ ಬರುವಾಗ ಎರಡು ಮಾತಾಗಿ ಉಳಿಯುತ್ತಿತ್ತು, ಅಷ್ಟರಲ್ಲಿ ಕೇಳುವವರು ಎದ್ದು ಹೋಗಿರುತ್ತಿದ್ದರು. ಬಲಗೈ ಮೊದಲು ಸತ್ತ ಹಾಗೆ ಬಿದ್ದಿತ್ತು. ಆಮೇಲೆ ಜೀವ ಬಂತು, ಬಂದದ್ದು ಒರಟು ಜೀವ. ಚಹಾದ ಪ್ಲಾಸ್ಟಿಕ್ ಲೋಟ ಹಿಡಿದರೆ ಲೋಟ ಅಪ್ಪಚ್ಚಿ. ಬೇಯಿಸಿದ ಮೊಟ್ಟೆ ಹಿಡಿದರೆ ಹಳದಿ ಗೋಡೆಗೆ. ಬಿಡು ಎಂದರೆ ಆ ಕೈ ಬಿಡುತ್ತಲೇ ಇರಲಿಲ್ಲ, ಬಿಡುವಾಗ ಎಲ್ಲವನ್ನೂ ಒಟ್ಟಿಗೆ ಚೆಲ್ಲಿಬಿಡುತ್ತಿತ್ತು. ಬೈದು ಸಿಟ್ಟು ಇಳಿಸಿಕೊಳ್ಳುತ್ತಿದ್ದ ಹೆಂಗಸಿಗೆ ಈಗ ಸಿಟ್ಟು ಇಳಿಸುವ ದಾರಿಯೇ ಇಲ್ಲ, ಮುಷ್ಟಿ ಮಾತ್ರ ಬಿಗಿಯುತ್ತಿತ್ತು. ನೋಡಿದವರೆಲ್ಲ ಆ ಮುಷ್ಟಿಯನ್ನೇ ಸಿಟ್ಟು ಎಂದುಕೊಂಡರು.

ಜೂನ್‌ನಲ್ಲಿ ಶಾಲೆ ಶುರುವಾಗುವ ಮುಂಚೆ ಮೊಮ್ಮಗಳು ರೇಚಲ್‌ಗೆ ಕೊಡೆ ಬೇಕಾಯಿತು. ರೇಚಲ್ ಯುಕೆಜಿಯ ಹುಡುಗಿ, ಅಜ್ಜಿಯನ್ನು ಮಾಯಿ ಎಂದು ಕರೆಯುತ್ತಿದ್ದಳು, ಮಾಯಿ ಇಲ್ಲದೆ ಅಂಗಡಿಗೆ ಹೊರಡುತ್ತಿರಲಿಲ್ಲ. ಇಬ್ಬರೂ ರಿಕ್ಷಾದಲ್ಲಿ ಕಟಪಾಡಿಗೆ ಹೋದರು. ಕೊಡೆ ಕೊಂಡು ಹೆದ್ದಾರಿಯ ಅಂಚಿನಲ್ಲಿ ನಿಂತಿದ್ದಾಗ ಮಂಗಳೂರಿನ ಎಕ್ಸ್‌ಪ್ರೆಸ್ ಬಸ್ಸೊಂದು ಕಿವಿಯ ಹತ್ತಿರವೇ ಹಾರ್ನ್ ಹೊಡೆಯಿತು. ಝೀಟಾ ಬೆಚ್ಚಿದಳು, ಮಗುವಿನ ಮಣಿಕಟ್ಟು ಹಿಡಿದಿದ್ದ ಬಲಗೈ ಬಿಗಿದುಕೊಂಡಿತು. ಬಸ್ಸು ಹೋಯಿತು, ಕೈ ಬಿಡಲಿಲ್ಲ. "ಮಾಯಿ, ನೋಯುತ್ತದೆ" ಎಂದು ಮಗು ಅಳತೊಡಗಿತು. ಮಗು ಅತ್ತಷ್ಟೂ ಝೀಟಾಳಿಗೆ ಗಾಬರಿ, ಗಾಬರಿಯಾದಷ್ಟೂ ಕೈ ಬಿಗಿ. ಕೊನೆಗೆ ಅವಳು ಎಡಗೈಯಿಂದ ತನ್ನದೇ ಬೆರಳುಗಳನ್ನು ಒಂದೊಂದಾಗಿ ಎಬ್ಬಿಸಿ ಮಗುವನ್ನು ಬಿಡಿಸಿಕೊಂಡಳು.

ಎದುರಿನ ಬೇಕರಿಯಲ್ಲಿ ಪಕ್ಕದ ಮನೆಯ ಜೋಸ್ಲಿನ್ ನಿಂತಿದ್ದಳು. ದೂರದಿಂದ ಅವಳಿಗೆ ಕಂಡದ್ದು ಬೇರೆ. ಅಜ್ಜಿ ಎರಡೂ ಕೈ ಹಾಕಿ ಮಗುವಿನ ಕೈ ತಿರುಚುತ್ತಿದ್ದಾಳೆ, ಮಗು ಕಿರುಚುತ್ತಿದೆ. ಆ ಸುದ್ದಿ ಹೊಟ್ಟೆಯಲ್ಲಿ ಇಟ್ಟುಕೊಂಡಿರುವ ಜನ ಅವಳಲ್ಲ. ಝೀಟಾಳ ರಿಕ್ಷಾ ಮನೆ ಮುಟ್ಟುವ ಮೊದಲೇ ಸೊಸೆ ಜೆನಿಟಾಳಿಗೆ ಫೋನ್ ಹೋಗಿತ್ತು.

ಜೆನಿಟಾ ಉಡುಪಿಯಲ್ಲಿ ಕೆಲಸ ಮಾಡುವವಳು, ಗಂಡ ಜೋಯಲ್ ದೋಹಾದಲ್ಲಿ. ಕೆಟ್ಟವಳಲ್ಲ. ಆದರೆ ಮಗುವಿನ ಮಣಿಕಟ್ಟಿನಲ್ಲಿ ನೀಲಿ ಗುರುತು ನೋಡಿದ ತಾಯಿಗೆ ಒಳ್ಳೆತನ ಎಲ್ಲಿಂದ ಬರಬೇಕು.

"ನನ್ನ ಮೇಲೆ ಸಿಟ್ಟಿದ್ದರೆ ನನಗೆ ಹೇಳಿ ಮಮ್ಮಿ. ಮಗು ಎಂತ ಮಾಡಿದೆ ನಿಮಗೆ?"

ಹಿಂದಿನ ದಿನ ಅತ್ತೆ ಸೊಸೆಗೆ ಸಾರಿನ ಉಪ್ಪಿನ ವಿಷಯದಲ್ಲಿ ಮಾತು ಬೆಳೆದಿತ್ತು. ಅದೇ ಈಗ ಸಾಕ್ಷಿಯಾಯಿತು. ಝೀಟಾ "ನಾನು... ಕೈ... ಬಿಡಲಿಲ್ಲ" ಎಂದಳು. ಕೈ ತಾನಾಗಿ ಬಿಡಲಿಲ್ಲ ಎನ್ನಬೇಕಿತ್ತು. ಜೆನಿಟಾಳಿಗೆ ಅದು ನಾನು ಬೇಕೆಂದೇ ಬಿಡಲಿಲ್ಲ ಎಂದಂತಾಯಿತು. ಹೇಳಿದ ಮಾತು ಉಲ್ಟಾ ಬಿದ್ದದ್ದು ಕಂಡು ಝೀಟಾಳ ಮೈಯೆಲ್ಲ ಉರಿಯಿತು, ಮುಷ್ಟಿ ಮತ್ತೆ ಬಿಗಿಯಿತು. ಜೆನಿಟಾ ಆ ಮುಷ್ಟಿಯನ್ನು ನೋಡಿ ಮಗುವನ್ನು ಎತ್ತಿಕೊಂಡು ಒಳಗೆ ಹೋದಳು.

ಅಂದಿನಿಂದ ರೇಚಲ್‌ಳ ಕೈ ಅಜ್ಜಿಗೆ ಸಿಗಲಿಲ್ಲ. ಜಡೆ ಹಾಕುವುದು ಬೇಡ, ಸ್ನಾನ ಮಾಡಿಸುವುದು ಬೇಡ, ರಸ್ತೆಗಂತೂ ಬೇಡವೇ ಬೇಡ. ಯಾರೂ ಜೋರಾಗಿ ಹೇಳಲಿಲ್ಲ, ನಯವಾಗಿಯೇ ಹೇಳಿದರು. ಆ ನಯ ಕಂಡರೆ ಝೀಟಾಳಿಗೆ ಇನ್ನೂ ಸಿಟ್ಟು ಬರುತ್ತಿತ್ತು. ಬೈದಿದ್ದರೆ ಆದರೂ ಲೆಕ್ಕ ಸಮವಾಗುತ್ತಿತ್ತು.

ಇನ್ನು ರೊಸಾರಿಯೊ. ಅವನು ಹೆಂಡತಿಯ ಪರ. ಅವನ ಪ್ರಕಾರ ಕೈ ಮಾತು ಕೇಳದಿರುವುದಕ್ಕೆ ಶಕ್ತಿ ಸಾಲದಿರುವುದೇ ಕಾರಣ. ಮಣಿಪಾಲದಲ್ಲಿ ಮೊದಲು ಒಂದು ಸ್ಪಂಜಿನ ಚೆಂಡು ಕೊಟ್ಟು ಮೆಲ್ಲಗೆ ಒತ್ತಿ ಮೆಲ್ಲಗೆ ಬಿಡಬೇಕು ಎಂದಿದ್ದರು. ಮೆಲ್ಲಗೆ ಎಂಬ ಮಾತು ರೊಸಾರಿಯೊ ತನ್ನ ಜೀವನದಲ್ಲಿ ಕೇಳಿಸಿಕೊಂಡವನೇ ಅಲ್ಲ. ಕುವೈಟಿನಲ್ಲಿ ತಾನು ಕೈಗೆ ಕಸರತ್ತು ಮಾಡುತ್ತಿದ್ದ ಉಕ್ಕಿನ ಸ್ಪ್ರಿಂಗಿನ ಹಿಡಿಯನ್ನು ಟ್ರಂಕಿನ ಅಡಿಯಿಂದ ತೆಗೆದು, ಎಣ್ಣೆ ಹಾಕಿ, ಹೆಂಡತಿಯ ಕೈಗಿಟ್ಟ. ಬೆಳಿಗ್ಗೆ ಗಂಜಿಯ ನಂತರ, ಸಂಜೆ ತೇರ್ಸ ಪ್ರಾರ್ಥನೆಯ ನಂತರ, ಎದುರಿಗೆ ಕುರ್ಚಿ ಹಾಕಿ ಕೂರುತ್ತಿದ್ದ.

"ಹಿಂಡು ಮಾರಾಯ್ತಿ, ಹಿಂಡು. ಇನ್ನೂ ಉಂಟು ನಿನ್ನಲ್ಲಿ. ಬಿಡಬೇಡ."

ಝೀಟಾ ಹಿಂಡಿದಳು. ಮೊಮ್ಮಗಳ ಕೈ ವಾಪಸು ಸಿಗುವುದಾದರೆ ಅವಳು ಕಲ್ಲನ್ನೂ ಹಿಂಡುವವಳೇ. ಸ್ಪ್ರಿಂಗು ಪೂರ್ತಿ ಮಡಚಿದ ದಿನ ರೊಸಾರಿಯೊ ಓಣಿಯಲ್ಲೆಲ್ಲ ಹೇಳಿಕೊಂಡು ಬಂದ. ಮಾರನೆಯ ದಿನ ಝೀಟಾ ಯಾರೂ ನೋಡದ ಹೊತ್ತಿನಲ್ಲಿ ಒಂದು ಹಿಡಿ ಮೊಗ್ಗು ತಂದು, ನಾರು ನೆನೆಸಿ, ಕಟ್ಟಲು ಕೂತಳು. ಬಲಗೈ ಮೊದಲ ಮೊಗ್ಗನ್ನು ಹಿಡಿಯಿತು, ಮೊಗ್ಗು ಬೆರಳುಗಳ ನಡುವೆ ನೀರಾಯಿತು. ಎರಡನೆಯದೂ ಹಾಗೆಯೇ. ಮೂರನೆಯದಕ್ಕೆ ನಾರೇ ಹರಿಯಿತು. ಸ್ಪ್ರಿಂಗು ಹಿಂಡುವ ಮೊದಲು ಇಷ್ಟು ಕೆಟ್ಟಿರಲಿಲ್ಲ ಈ ಕೈ. ಅವಳು ಕಂದಿದ ಮೊಗ್ಗುಗಳನ್ನು ನೋಡುತ್ತಾ ಕೂತಳು. ಅಳು ಬರಲಿಲ್ಲ, ರೊಸಾರಿಯೊನ ಮೇಲೆ, ಜೋಸ್ಲಿನ್‌ಳ ಮೇಲೆ, ಜೆನಿಟಾಳ ಮೇಲೆ, ತನ್ನ ಮೈಯ ಮೇಲೆ, ಎಲ್ಲದರ ಮೇಲೂ ಸಿಟ್ಟು ಬಂತು.

ಆಗಸ್ಟ್ ಕೊನೆಯಲ್ಲಿ ಒಂದು ರಾತ್ರಿ ಊಟದ ಹೊತ್ತಿಗೆ ಜೆನಿಟಾ ಬಟ್ಟಲು ನೋಡುತ್ತಾ ಮಾತು ತೆಗೆದಳು.

"ಮೊಂತಿ ಹಬ್ಬ ಕಳೆದ ಮೇಲೆ ರೇಚಲ್ ಕಾರ್ಕಳದಲ್ಲಿ ಅಮ್ಮನ ಮನೆಯಲ್ಲಿ ಇರಲಿ ಅಂತ ಉಂಟು. ಅಮ್ಮ ಅಲ್ಲಿನ ಶಾಲೆಯಲ್ಲಿ ಕೇಳಿದ್ದಾರೆ, ತೆಗೆದುಕೊಳ್ಳುತ್ತಾರಂತೆ. ನಾನು ಶನಿವಾರ ಹೋಗಿ ಬರುತ್ತೇನೆ. ಜೋಯಲ್ ಕೂಡ ಆಗಬಹುದು ಅಂದಿದ್ದಾರೆ."

ರೊಸಾರಿಯೊ ತುತ್ತು ನುಂಗದೆ ಕೂತ. ಝೀಟಾ ಎದ್ದು ನಿಂತಳು. ಅವಳ ತಲೆಯೊಳಗೆ ಒಂದು ಬೈಗುಳ ಹುಟ್ಟಿತು, ಅವಳ ಜೀವಮಾನದಲ್ಲೇ ದೊಡ್ಡದು, ಜೆನಿಟಾಳ ತಾಯಿಯಿಂದ ಹಿಡಿದು ಕಾರ್ಕಳದ ಬಂಡೆಗಳವರೆಗೆ ಎಲ್ಲರಿಗೂ ಅದರಲ್ಲಿ ಪಾಲಿತ್ತು. ಬಾಯಿಂದ ಹೊರಟದ್ದು "ಬೇಡ" ಎಂಬ ಒಂದೇ ಮಾತು. ಕೈಯಲ್ಲಿದ್ದ ಸ್ಟೀಲಿನ ಚಮಚ ಬಾಗಿ ಹೋಗಿತ್ತು. ಎಲ್ಲರೂ ಚಮಚವನ್ನೇ ನೋಡಿದರು.

ಮಣಿಪಾಲದಲ್ಲಿ ತೋರಿಸುವ ದಿನ ಅದೇ ವಾರ ಬಂತು. ಮಳೆಯೆಂದು ಜೆನಿಟಾ ರಜೆ ಹಾಕಿ ಕಾರು ಓಡಿಸಿದಳು. ಝೀಟಾ ತನ್ನ ಚೀಲದಲ್ಲಿ ಒಂದು ಟಿಫಿನ್ ಡಬ್ಬಿ ಇಟ್ಟುಕೊಂಡಳು. ಅದರಲ್ಲಿ ಏನಿದೆ ಎಂದು ರೊಸಾರಿಯೊ ಕೇಳಿದಾಗ ಚೀಲದ ಬಾಯಿ ಮುಚ್ಚಿದಳು.

ಅಲ್ಲಿ ಈ ಸಲ ಹೊಸ ಫಿಸಿಯೋಥೆರಪಿಸ್ಟ್ ಇದ್ದಳು, ಮೋಕ್ಷಾ ಎಂದು, ಎಲ್ಲೂರಿನ ಕಡೆಯವಳು. ಹಿಡಿತದ ಬಲ ನೋಡುವ ಯಂತ್ರವನ್ನು ಝೀಟಾಳ ಬಲಗೈಗೆ ಕೊಟ್ಟಳು. ಝೀಟಾ ಹಿಂಡಿದಳು.

"ಎಷ್ಟು ಬಂತು ಡಾಕ್ಟ್ರೇ?" ರೊಸಾರಿಯೊ ಮುಂದೆ ಬಾಗಿದ.

"ಬಲ ಚೆನ್ನಾಗಿ ಉಂಟು ಅಂಕಲ್. ಈ ವಯಸ್ಸಿಗೆ ಧಾರಾಳ ಆಯಿತು."

ರೊಸಾರಿಯೊ ಎದೆಯುಬ್ಬಿಸಿ ಸೊಸೆಯ ಕಡೆಗೆ ನೋಡಿದ. ಜೆನಿಟಾಳ ಮುಖ ಗಟ್ಟಿಯಾಯಿತು. ಇಷ್ಟು ಸರಿಯಾದ ಕೈಯಿಂದಲೇ ನನ್ನ ಮಗುವಿಗೆ ಹಾಗೆ ಮಾಡಿದ್ದಲ್ವಾ ಎಂದು ಅವಳು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಝೀಟಾ ಆ ಹೊತ್ತಿಗೆ ಚೀಲದಿಂದ ಡಬ್ಬಿ ತೆಗೆದು ಮೇಜಿನ ಮೇಲೆ ಕುಕ್ಕಿದಳು. ಎಡಗೈಯಿಂದ ಮುಚ್ಚಳ ತೆಗೆದಳು. ಒಂದು ಮೂಲೆಯಲ್ಲಿ ಬೆಳಿಗ್ಗೆ ಕೊಯ್ದ ಬಿಳಿ ಮೊಗ್ಗುಗಳು, ಇನ್ನೊಂದು ಮೂಲೆಯಲ್ಲಿ ಜಜ್ಜಿ ಕಂದುಬಣ್ಣಕ್ಕೆ ತಿರುಗಿದವು.

"ಇದು... ಎಡ," ಎಂದಳು ಬಿಳಿಯದನ್ನು ತೋರಿಸಿ. ಆಮೇಲೆ ಇನ್ನೊಂದನ್ನು ತೋರಿಸಿದಳು. "ಇದು ಬಲ. ನಾನು... ಮೆಲ್ಲ... ಹಿಡಿದದ್ದು."

ಮೋಕ್ಷಾ ಡಬ್ಬಿಯನ್ನು ನೋಡಿದಳು, ಝೀಟಾಳ ಮುಖ ನೋಡಿದಳು. ಎದ್ದು ಒಳಗಿನ ಕೋಣೆಯಿಂದ ಒಂದು ಪರದೆಯನ್ನೂ ಅದಕ್ಕೆ ತಂತಿಯಿಂದ ಜೋಡಿಸಿದ ಚಿಕ್ಕ ಗುಂಡಿಯನ್ನೂ ತಂದಳು. ಪರದೆಯ ಮೇಲೆ ಕೆಳಗಡೆ ಒಂದು ಹಸಿರು ಗೆರೆ. ಗುಂಡಿಯನ್ನು ಎರಡು ಬೆರಳಲ್ಲಿ ಹಗುರವಾಗಿ ಒತ್ತಿದರೆ ಒಂದು ಚುಕ್ಕಿ ಮೇಲೇರುತ್ತದೆ, ಅದನ್ನು ಗೆರೆಯ ಮೇಲೆ ನಿಲ್ಲಿಸಬೇಕು, ಅಷ್ಟೇ.

ಜೆನಿಟಾ ಒತ್ತಿದಳು, ಚುಕ್ಕಿ ಗೆರೆಯ ಮೇಲೆ ಕೂತಿತು. ಝೀಟಾ ಬಲಗೈ ಇಟ್ಟಳು. ಚುಕ್ಕಿ ಚಂಗನೆ ಪರದೆಯ ನೆತ್ತಿಗೆ ಹಾರಿತು. ಅವಳು ಸಡಿಲಿಸಲು ನೋಡಿದಳು, ಚುಕ್ಕಿ ಅಲ್ಲೇ ನಿಂತಿತ್ತು, ಆಮೇಲೆ ಒಮ್ಮೆಲೇ ತಳಕ್ಕೆ ಬಿತ್ತು. ಮತ್ತೆ ಒತ್ತಿದಳು, ಮತ್ತೆ ನೆತ್ತಿಗೆ. ಅವಳ ಹಣೆಯಲ್ಲಿ ಬೆವರು ಹನಿಯಿತು. ಗೆರೆಯ ಮೇಲೆ ಆ ಚುಕ್ಕಿ ಒಂದು ಗಳಿಗೆಯೂ ನಿಲ್ಲಲಿಲ್ಲ. ಜೆನಿಟಾ ಪರದೆ ನೋಡುವುದನ್ನು ಬಿಟ್ಟು ಅತ್ತೆಯ ಮುಖ ನೋಡತೊಡಗಿದಳು.

"ಬಲ ಬಂದಿದೆ, ಹದ ಬಂದಿಲ್ಲ," ಎಂದಳು ಮೋಕ್ಷಾ. "ಹಿಡಿ ಅಂತ ಮಿದುಳು ಹೇಳುತ್ತದೆ, ಇಷ್ಟೇ ಹಿಡಿ ಅನ್ನುವುದು ಕೈಗೆ ಸರಿಯಾಗಿ ಮುಟ್ಟುವುದಿಲ್ಲ. ಬಿಡು ಅಂದದ್ದು ತಡವಾಗಿ ಮುಟ್ಟುತ್ತದೆ. ಹೆದರಿಕೆಯಾದರೆ, ಸಿಟ್ಟು ಬಂದರೆ ಇನ್ನೂ ಬಿಗಿಯುತ್ತದೆ. ಆಂಟಿ ಬೇಕೂಂತ ಮಾಡುವುದಲ್ಲ ಇದು. ಮನೆಯಲ್ಲಿ ಎಂತ ವ್ಯಾಯಾಮ ಮಾಡಿಸುತ್ತಾ ಇದ್ದೀರಿ?"

ರೊಸಾರಿಯೊ ಸ್ಪ್ರಿಂಗಿನ ಕಥೆ ಹೇಳಿದ. ಅರ್ಧ ಹೇಳುವಾಗಲೇ ಅವನ ಸ್ವರ ತಗ್ಗಿತು.

"ಅಂಕಲ್, ನೀವು ಟ್ರೈಲರ್ ಓಡಿಸಿದವರು. ಆಕ್ಸಿಲರೇಟರ್ ಒತ್ತಿದರೆ ಪೂರ್ತಿ ಕೆಳಗೇ ಹೋಗುತ್ತದೆ, ಅರ್ಧಕ್ಕೆ ನಿಲ್ಲುವುದಿಲ್ಲ ಅಂತ ಇಟ್ಟುಕೊಳ್ಳಿ. ಅದಕ್ಕೆ ಇನ್ನೂ ದೊಡ್ಡ ಎಂಜಿನ್ ಹಾಕುತ್ತೀರಾ?"

ರೊಸಾರಿಯೊ ತನ್ನ ಚಪ್ಪಲಿಯನ್ನು ನೋಡತೊಡಗಿದ.

ವಾಪಸು ಬರುವಾಗ ಉಡುಪಿ ದಾಟಿ ಅಂಬಲಪಾಡಿಯವರೆಗೂ ಝೀಟಾ ಕಾಯುತ್ತಿದ್ದಳು. ಒಂದು ಮಾತು, ತಪ್ಪು ತಿಳಿದೆ ಮಮ್ಮಿ ಎಂಬ ಒಂದು ಮಾತು ಬಂದರೆ ಸಾಕಿತ್ತು. ಮಾತು ಬಂತು. ಆದರೆ ಅದರ ಹಿಂದೆಯೇ ಇನ್ನೊಂದೂ ಬಂತು.

"ನಾನು ಹಾಗೆಲ್ಲ ಹೇಳಬಾರದಿತ್ತು ಮಮ್ಮಿ. ತಪ್ಪಾಯಿತು. ಆದರೆ ನಿಮಗೆ ಗೊತ್ತಿಲ್ಲದೆ ಬಿಗಿಯುತ್ತದೆ ಅಂದರೆ ನನಗೆ ಹೆದರಿಕೆ ಜಾಸ್ತಿಯೇ ಆಯಿತು. ಸಿಟ್ಟಾಗಿದ್ದರೆ ಸಮಾಧಾನ ಮಾಡಬಹುದಿತ್ತು. ಇದಕ್ಕೆ ಎಂತ ಮಾಡುವುದು? ಅವಳು ಕಾರ್ಕಳದಲ್ಲೇ ಇರಲಿ."

ಝೀಟಾ ಪಾಪಿಯಾಗಿದ್ದಾಗ ಮಗುವನ್ನು ಕಳೆದುಕೊಂಡಳು, ಪಾಪಿಯಲ್ಲ ಎಂದು ಗೊತ್ತಾದ ಮೇಲೂ ಕಳೆದುಕೊಳ್ಳಬೇಕು. ಇದೆಂಥ ನ್ಯಾಯ. ಅದಕ್ಕಿಂತ ದೊಡ್ಡ ಕಿಚ್ಚು ಇನ್ನೊಂದು, ಸೊಸೆ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

ಮನೆಗೆ ಬಂದವಳೇ ಆ ಸ್ಪ್ರಿಂಗಿನ ಹಿಡಿಯನ್ನು ಹುಡುಕಿ ಬಲಗೈಯಲ್ಲಿ ಹಿಡಿದು ಬಾವಿಕಟ್ಟೆಗೆ ಹೋದಳು. ಬೀಸಿ ಎಸೆಯಬೇಕೆಂದಿದ್ದಳು. ಕೈ ಬೀಸಿತು, ಸ್ಪ್ರಿಂಗು ಕೈಯಲ್ಲೇ ಇತ್ತು. ಮತ್ತೆ ಬೀಸಿದಳು. ಬೆರಳುಗಳು ಬಿಡಲೇ ಇಲ್ಲ. ಸಿಟ್ಟು ಬಂದಷ್ಟೂ ಆ ಹಾಳು ಕೈ ಹಾಳು ಸ್ಪ್ರಿಂಗನ್ನು ಅವುಚಿಕೊಳ್ಳುತ್ತಿತ್ತು. ರೊಸಾರಿಯೊ ಹಿಂದೆಯೇ ಬಂದು ನಿಂತಿದ್ದ. ಅವನು ಹೆಂಡತಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಸ್ಪ್ರಿಂಗನ್ನು ತೆಗೆದು, ತಾನೇ ಬಾವಿಗೆ ಹಾಕಿದ.

"ಹೆಡ್ಡ," ಎಂದಳು ಝೀಟಾ. ಸ್ಟ್ರೋಕ್ ಆದ ಮೇಲೆ ತಡವರಿಸದೆ ಬಂದ ಮೊದಲ ಬೈಗುಳ ಅದು.

"ಹೌದು," ಎಂದ ರೊಸಾರಿಯೊ.

ಮೋಕ್ಷಾ ಹೊಸ ಕೆಲಸ ಕೊಟ್ಟಿದ್ದಳು. ಒಂದು ಬಟ್ಟಲಿನಿಂದ ಇನ್ನೊಂದಕ್ಕೆ ಮೊಗ್ಗುಗಳನ್ನು ಬಲಗೈಯಿಂದ ದಾಟಿಸಬೇಕು, ಮೊಗ್ಗು ಕಂದಬಾರದು. ಬಿಗಿಯಿತು ಎನಿಸಿದರೆ ಎಳೆಯಬಾರದು, ಉಸಿರು ಬಿಟ್ಟು ಕೈಯನ್ನು ತೊಡೆಯ ಮೇಲಿಟ್ಟು ಕಾಯಬೇಕು. ಝೀಟಾಳಿಗೆ ಕಾಯುವುದೆಂದರೆ ಮೈ ಪರಚಿಕೊಳ್ಳುವಂಥ ಹಿಂಸೆ. ಆದರೂ ಕೂತಳು. ಕಾರ್ಕಳ ಎಂಬ ಹೆಸರು ನೆನಪಾದರೆ ಮೊಗ್ಗು ಹೋಯಿತು. ಬೇಲಿಯಾಚೆ ಜೋಸ್ಲಿನ್‌ಳ ಸ್ವರ ಕೇಳಿದರೆ ಒಂದು ಹಿಡಿಯೇ ಹೋಯಿತು. ಸಿಟ್ಟನ್ನು ಬಿಟ್ಟರೆ ಮಾತ್ರ ಕೈ ತನ್ನ ಮಾತು ಕೇಳುತ್ತದೆ ಎಂದು ಅವಳಿಗೆ ಅರ್ಥವಾಯಿತು, ಅದು ಅರ್ಥವಾದದ್ದಕ್ಕೂ ಸಿಟ್ಟು ಬಂತು. ಅರುವತ್ತಕ್ಕೆ ಹತ್ತಿರವಾಗುವವರೆಗೆ ಸಾಕಿದ ಸಿಟ್ಟು, ಅಷ್ಟು ಸುಲಭದಲ್ಲಿ ಯಾಕೆ ಹೋಗುತ್ತದೆ.

ಮರಿಯಮ್ಮನ ಹುಟ್ಟುಹಬ್ಬವಾದ ಮೊಂತಿ ಹಬ್ಬಕ್ಕೆ ಮುಂಚಿನ ಒಂಬತ್ತು ದಿನಗಳ ಪ್ರಾರ್ಥನೆ, ನೊವೆನಾ, ಶುರುವಾಗಿತ್ತು. ಮಕ್ಕಳೆಲ್ಲ ದಿನಾ ಬುಟ್ಟಿಯಲ್ಲಿ ಹೂ ಒಯ್ದು ಬಾಲೆ ಮರಿಯಮ್ಮನ ಮೂರ್ತಿಗೆ ಎರಚುವ ದಿನಗಳು. ಮೊದಲೆಲ್ಲ ರೇಚಲ್‌ಳನ್ನು ಕರೆದೊಯ್ಯುತ್ತಿದ್ದವಳು ಝೀಟಾ. ಈಗ ಜೆನಿಟಾ ಕರೆದೊಯ್ಯುತ್ತಿದ್ದಳು, ಝೀಟಾ ಹಿಂದಿನಿಂದ ರೊಸಾರಿಯೊ ಜೊತೆ ನಡೆಯುತ್ತಿದ್ದಳು.

ಹಬ್ಬದ ದಿನ ಬೆಳಿಗ್ಗೆ ಮಳೆ ಬಿಟ್ಟಿತ್ತು. ಝೀಟಾ ಅಂಗಳದಲ್ಲಿ ಒಂದು ಮೊಗ್ಗು ಕೊಯ್ದು ಬಲಗೈಯ ಎರಡು ಬೆರಳಿನಲ್ಲಿ ಹಿಡಿದುಕೊಂಡಳು. ಮನೆಯಿಂದ ಇಗರ್ಜಿಯವರೆಗೆ ಹಾಗೆಯೇ ನಡೆದಳು. ಪೂಜೆಯ ಹೊತ್ತಿನಲ್ಲಿ ಪಾದ್ರಿಗಳ ಪ್ರವಚನ ಎಂದಿನಂತೆ ಉದ್ದವಾಯಿತು, ಅವಳು ಉಸಿರು ಬಿಟ್ಟು ಕೈಯನ್ನು ತೊಡೆಯ ಮೇಲಿಟ್ಟು ಕೂತಳು. ಆಶೀರ್ವಾದ ಮಾಡಿದ ಭತ್ತದ ತೆನೆಗಳನ್ನು ಹಂಚಿ ಎಲ್ಲರೂ ಹೊರಗೆ ಬಂದಾಗ ಅವಳು ಗೇಟಿನ ಬಳಿ ಸೊಸೆಯ ಎದುರು ನಿಂತು ಬೆರಳು ಬಿಚ್ಚಿ ತೋರಿಸಿದಳು. ಮೊಗ್ಗು ಬೆಳ್ಳಗೆ ಇತ್ತು.

"ನೋಡು. ಮನೆಯಿಂದ... ಇಲ್ಲಿವರೆಗೆ. ಈಗ ಕೊಡು. ಮಗುವಿನ ಕೈ."

ಜೆನಿಟಾ ಮೊಗ್ಗನ್ನು ಬಹಳ ಹೊತ್ತು ನೋಡಿದಳು. ಕೊನೆಗೆ ಮಗಳ ಬೆನ್ನು ತಟ್ಟಿ, "ಹೋಗು, ಮಾಯಿಗೆ ಕೈ ಕೊಡು" ಎಂದಳು.

ರೇಚಲ್ ಮುಂದೆ ಬರಲಿಲ್ಲ. ಅಂದು ನೀಲಿಗಟ್ಟಿದ್ದ ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡು, ಇನ್ನೊಂದರಲ್ಲಿ ಖಾಲಿ ಬುಟ್ಟಿಯನ್ನು ಎದೆಗೆ ಒತ್ತಿ ಹಿಡಿದು, ನೆಲ ನೋಡುತ್ತಾ ನಿಂತಿತು ಮಗು.

ಝೀಟಾ ಇಷ್ಟು ದಿನ ದೊಡ್ಡವರ ಮೇಲೆ ಹಲ್ಲು ಕಡಿದದ್ದೇ ಬಂತು. ಈ ಪುಟ್ಟದು ತನ್ನನ್ನು ಏನೆಂದು ತಿಳಿದಿರಬಹುದು ಎಂದು ಅವಳು ಕೇಳಿಕೊಂಡೇ ಇರಲಿಲ್ಲ. ಅವಳು ಕಷ್ಟಪಟ್ಟು ಮೊಣಕಾಲೂರಿ ಕೂತು ಬಲಗೈಯನ್ನು ಮುಂದೆ ಚಾಚಿದಳು.

"ನಾನು ಹಿಡಿಯುವುದಿಲ್ಲ. ನೀನು ಹಿಡಿ. ಇಲ್ಲಿ," ಎಂದು ತನ್ನ ಮಣಿಕಟ್ಟು ತೋರಿಸಿದಳು. "ಗಟ್ಟಿ."

ರೇಚಲ್ ತಾಯಿಯ ಮುಖ ನೋಡಿತು. ಬುಟ್ಟಿ ಕೆಳಗಿಟ್ಟು, ಅಡಗಿಸಿಟ್ಟ ಕೈ ತೆಗೆದು, ಅಜ್ಜಿಯ ಮಣಿಕಟ್ಟನ್ನು ಹಿಡಿಯಿತು. ಮೊದಲು ಮೆಲ್ಲಗೆ, ಆಮೇಲೆ ಇದ್ದ ಬಲವನ್ನೆಲ್ಲ ಹಾಕಿ.

"ನೋಯುತ್ತದಾ ಮಾಯಿ?"

"ಹೌದು."

"ಬಿಡಬೇಕಾ?"

"ಬೇಡ."

ಅಷ್ಟು ಹೊತ್ತಿಗೆ ಬೆನ್ನ ಹಿಂದಿನ ರಸ್ತೆಯಲ್ಲಿ ಜನ ನುಗ್ಗಿದ್ದಕ್ಕೆ ಶಿರ್ವದ ಕಡೆಗೆ ಹೋಗುವ ಬಸ್ಸೊಂದು ಹಾರ್ನ್ ಹೊಡೆಯಿತು. ಝೀಟಾಳ ಬೆರಳುಗಳು ಒಮ್ಮೆಲೇ ಮಡಚಿಕೊಂಡವು. ಜೆನಿಟಾ ಒಂದು ಹೆಜ್ಜೆ ಮುಂದೆ ಬಂದು ನಿಂತಳು. ಮುಷ್ಟಿಯೊಳಗೆ ಮಗುವಿನ ಕೈ ಇರಲಿಲ್ಲ, ಮೊಗ್ಗು ಮಾತ್ರ ಇತ್ತು. ಝೀಟಾ ಉಸಿರು ಬಿಟ್ಟಳು, ಕಾದಳು. ಬೆರಳು ಬಿಚ್ಚಲಿಲ್ಲ. ಇಷ್ಟೆಲ್ಲ ಮಾಡಿ, ಸೊಸೆಯ ಎದುರಿನಲ್ಲೇ, ಈಗಲೇ ಆಗಬೇಕಿತ್ತೇ. ಅವಳ ಕಣ್ಣಲ್ಲಿ ಸಿಟ್ಟಿನ ನೀರು ತುಂಬಿತು.

ರೇಚಲ್ ಆ ಮುಷ್ಟಿಯನ್ನು ಹತ್ತಿರದಿಂದ ನೋಡಿತು. ಅಂದು ಕಟಪಾಡಿಯಲ್ಲಿ ಅಜ್ಜಿ ಮಾಡಿದ್ದನ್ನೇ ಮಾಡಿತು, ಬೆರಳುಗಳನ್ನು ಒಂದೊಂದಾಗಿ ಹಿಡಿದು ಎಬ್ಬಿಸಿತು. ಅಂಗೈಯಲ್ಲಿ ಮೊಗ್ಗು ಜಜ್ಜಿ ಹೋಗಿತ್ತು.

"ಇದು ನೀನು ಹೇಳಿದರೂ ಕೇಳುವುದಿಲ್ವಾ ಮಾಯಿ?"

ಝೀಟಾ ತಲೆಯಾಡಿಸಿದಳು. "ಕೇಳುವುದಿಲ್ಲ. ನಾನು... ದಿನಾ ಹೇಳುತ್ತೇನೆ."

"ಆವತ್ತು ಕೂಡ ಹೇಳಿದ್ದಿಯಾ?"

"ಹೇಳಿದ್ದೆ ಮಗಾ. ಬಿಡು, ಬಿಡು ಅಂತ."

ರೇಚಲ್ ಆ ಕೈಯ ಮೇಲೆ ಪಟಕ್ಕನೆ ಒಂದು ಪೆಟ್ಟು ಕೊಟ್ಟಿತು, ಮಾತು ಕೇಳದವರಿಗೆ ಕೊಡುವ ಪೆಟ್ಟು. ಆಮೇಲೆ ಮತ್ತೆ ಅಜ್ಜಿಯ ಮಣಿಕಟ್ಟನ್ನು ಹಿಡಿದುಕೊಂಡಿತು. ರೊಸಾರಿಯೊ ಹೆಂಡತಿಯನ್ನು ತೋಳು ಕೊಟ್ಟು ಎಬ್ಬಿಸಿದ. ಜೆನಿಟಾ ಕೆಳಗಿದ್ದ ಬುಟ್ಟಿಯನ್ನು ಎತ್ತಿಕೊಂಡು ತೆನೆಯನ್ನು ಅದರಲ್ಲಿಟ್ಟಳು.

"ರೇಚಲ್, ಮಾಯಿಯ ಕೈ ಬಿಡಬೇಡ. ರಸ್ತೆ ದಾಟುವ."

"ಕಾರ್ಕಳ?" ಎಂದಳು ಝೀಟಾ.

"ಅಮ್ಮನಿಗೆ ಫೋನ್ ಮಾಡುತ್ತೇನೆ ಮಮ್ಮಿ. ಈಗ ಬೇಡ ಅಂತ ಹೇಳುತ್ತೇನೆ."

ಜೆನಿಟಾ ಮುಂದೆ ನಡೆದಳು, ಹಿಂತಿರುಗಿ ನೋಡಲಿಲ್ಲ. ಗೇಟಿನಾಚೆ ಜೋಸ್ಲಿನ್ ತೆನೆ ಹಿಡಿದು ಇದನ್ನೆಲ್ಲ ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದಳು. ಅವಳಿಗಾಗಿ ಝೀಟಾ ಒಂದು ಮಾತನ್ನು ತಿಂಗಳುಗಳಿಂದ ಕಾದಿಟ್ಟಿದ್ದಳು, ಈಗ ಹೇಳಿದರೆ ಬಾಯಿಗೆ ಪೂರ್ತಿ ಬರುತ್ತಿತ್ತೇನೋ. ಮಗು ಮಣಿಕಟ್ಟು ಎಳೆಯಿತು. ಝೀಟಾ ಆ ಮಾತನ್ನು ಮನೆಗೆ ಮುಟ್ಟಿದ ಮೇಲೆ ಹೇಳುವ ಎಂದು ನುಂಗಿಕೊಂಡು ರಸ್ತೆಗೆ ಇಳಿದಳು.